ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ರೇಡಿಯೇಷನ್ ಏಕೆ?

ಪ್ರಶ್ನೆ: ನನ್ನ ತಂದೆಯವರಿಗೆ 67 ವರ್ಷ. ಮೂರು ವರ್ಷದ ಹಿಂದೆ ಕ್ಯಾನ್ಸರ್ ಇದ್ದ ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆದರು. ಎರಡು ವರ್ಷ ಪಿಎಸ್‌ಎ (ಪ್ರಾಸ್ಟೇಟ್‌ನಲ್ಲಿ ತಯಾರಾಗುವ, ರಕ್ತದಲ್ಲಿ ಅಳೆಯುವ ಪ್ರೋಟೀನ್) ಅಳತೆಗೇ ಸಿಗದಷ್ಟು ಕಡಿಮೆ ಇತ್ತು. ಆಮೇಲೆ 0.11 ಬಂತು, ಆರು ತಿಂಗಳಿಗೆ 0.18, ಮತ್ತಾರು ತಿಂಗಳಿಗೆ 0.34. ತಿಂಗಳು ಬಿಟ್ಟು ಮತ್ತೆ ನೋಡಿದಾಗ 0.36. ಗ್ಯಾಲಿಯಂ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸಿದೆವು. ‘ಕಾಯಿಲೆ ಮರುಕಳಿಸಿದ ಸ್ಪಷ್ಟ ಗುರುತಿಲ್ಲ. ಬಲಗಡೆ ಏಳನೇ ಪಕ್ಕೆಲುಬಿನಲ್ಲಿ ಮಂದ ಹೊಳಪು, ಬಹುಶಃ ನಿರುಪದ್ರವಿ. ಎಡ ಯುರೇಟರ್‌ನ ಕೆಳಭಾಗದಲ್ಲಿ ಮೂತ್ರದ ಹೊಳಪು, ಸಹಜ’ ಎಂದು ವರದಿ ಬಂದಿದೆ. ಆದರೂ ಡಾಕ್ಟರು ರೇಡಿಯೇಷನ್ ಶುರು ಮಾಡೋಣ ಎನ್ನುತ್ತಿದ್ದಾರೆ. ಏನೂ ಕಾಣದ ಮೇಲೆ ಯಾವುದಕ್ಕೆ ಚಿಕಿತ್ಸೆ? ಬೋನ್ ಸ್ಕ್ಯಾನನ್ನೂ ಮಾಡಿಸಿಬಿಡೋಣ ಅಂತ ಅಣ್ಣನ ಹಟ. ಇದರ ನಡುವೆ ಆರೆಂಟು ತಿಂಗಳಿಂದ ಅಪ್ಪನಿಗೆ ಮೂತ್ರದ ಧಾರೆ ಸಣ್ಣಗಾಗಿದೆ, ತಿಣುಕಬೇಕಾಗುತ್ತದೆ. ಹೋದ ವಾರದ ಅಲ್ಟ್ರಾಸೌಂಡ್‌ನಲ್ಲಿ ಎಡ ಕಿಡ್ನಿ ಸ್ವಲ್ಪ ಊದಿದೆ ಎಂದು ಬರೆದಿದ್ದಾರೆ. ಇದೂ ಕ್ಯಾನ್ಸರ್‌ನದ್ದೇ ಆಟವೇ?

ಉತ್ತರ: ಪಕ್ಕೆಲುಬಿನ ಸಾಲು ಓದಿ ನೀವು ಬೆಚ್ಚಿರುತ್ತೀರಿ. ನನ್ನ ಕಣ್ಣು ನಿಂತದ್ದು ಅದರ ಮುಂದಿನ ಸಾಲಿನ ಮೇಲೆ. ‘ಸಹಜ’ ಎಂಬ ಒಂದು ಪದದಲ್ಲಿ ಎಡ ಯುರೇಟರ್‌ನ ವಿಷಯ ಮುಗಿದುಹೋಗಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ, ಮೊದಲು ನಿಮ್ಮ ಮುಖ್ಯ ಪ್ರಶ್ನೆ.

ಪ್ರಾಸ್ಟೇಟ್ ಪೂರ್ತಿ ಹೋದ ಮೇಲೆ ಪಿಎಸ್‌ಎ ತಯಾರಾಗುವ ಜಾಗವೇ ಇರಬಾರದು. ರಕ್ತದಲ್ಲಿ ಉಳಿದಿದ್ದ ಪಿಎಸ್‌ಎ ಎರಡು ಮೂರು ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗಿ ಆರು ವಾರದೊಳಗೆ ಅಳತೆಗೆ ಸಿಗದಷ್ಟಾಗುತ್ತದೆ. ನಿಮ್ಮ ತಂದೆಯವರಲ್ಲಿ ಹಾಗೆಯೇ ಆಗಿತ್ತು. ಅಂಥ ರಕ್ತದಲ್ಲಿ ಪಿಎಸ್‌ಎ ಮತ್ತೆ ಕಾಣಿಸಿಕೊಂಡು ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ಮುಟ್ಟಿ, ಎರಡನೇ ಸಲ ನೋಡಿದಾಗಲೂ ಅಷ್ಟಿದ್ದರೆ ಅಥವಾ ಹೆಚ್ಚಿದ್ದರೆ, ಕಾಯಿಲೆ ಮರಳಿದೆ ಎಂದೇ ಲೆಕ್ಕ. ಗ್ರಂಥಿಯ ಆರೋಗ್ಯವಂತ ಚೂರೊಂದು ಉಳಿದುಕೊಂಡು ಅಲ್ಪಸ್ವಲ್ಪ ಪಿಎಸ್‌ಎ ಬಿಡುವುದುಂಟು, ಆದರೆ ಅದು ಹೀಗೆ ಏರುತ್ತ ಹೋಗುವುದಿಲ್ಲ. ನೀವು ಕೊಟ್ಟ ಅಂಕಿಗಳಿಂದ ಲೆಕ್ಕ ಹಾಕಿದರೆ ಅವರ ಪಿಎಸ್‌ಎ ಸುಮಾರು ಏಳೂವರೆ ತಿಂಗಳಿಗೆ ದ್ವಿಗುಣವಾಗುತ್ತಿದೆ. ಒಂದು ವರ್ಷದೊಳಗೆ ದ್ವಿಗುಣವಾದರೆ ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ಅದನ್ನು ಹೆಚ್ಚು ಅಪಾಯದ ಗುಂಪಿಗೆ ಸೇರಿಸುತ್ತದೆ.

ಹಾಗಾಗಿ ‘ಕಾಯಿಲೆ ಇದೆಯೇ’ ಎಂಬುದಕ್ಕೆ ರಕ್ತ ಪರೀಕ್ಷೆ ಈಗಾಗಲೇ ಉತ್ತರ ಕೊಟ್ಟಾಗಿದೆ. ಸ್ಕ್ಯಾನನ್ನು ನಾವು ಕೇಳಿದ್ದು ‘ಎಲ್ಲಿದೆ’ ಅಂತ. ಅದು ‘ನನಗೆ ಕಾಣುತ್ತಿಲ್ಲ’ ಎಂದಿದೆ, ಅಷ್ಟೇ. ಮನೆಯವರು ಈ ಮಾತನ್ನು ‘ಏನೂ ಇಲ್ಲ’ ಎಂದು ಕೇಳಿಸಿಕೊಳ್ಳುತ್ತಾರೆ. ತಪ್ಪು ಅವರದ್ದಲ್ಲ, ನಾವು ವರದಿ ಬರೆಯುವ ಶೈಲಿಯೇ ಹಾಗಿದೆ.

ಕಾಣದೆ ಇರುವುದಕ್ಕೆ ಕಾರಣ ಸರಳ. ಪಿಎಸ್‌ಎಂಎ ಎಂಬುದು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲ್ಮೈಯಲ್ಲಿ ಹೇರಳವಾಗಿರುವ ಒಂದು ಪ್ರೋಟೀನ್. ಅದಕ್ಕೆ ಅಂಟಿಕೊಳ್ಳುವ ಔಷಧಕ್ಕೆ ಗ್ಯಾಲಿಯಂ 68 ಅಥವಾ ಫ್ಲೋರಿನ್ 18 ಎಂಬ ವಿಕಿರಣ ಧಾತು ಸೇರಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಸುಮಾರು ಒಂದು ಗಂಟೆಯಲ್ಲಿ ಅದು ಆ ಕೋಶಗಳಲ್ಲಿ ಶೇಖರವಾಗುತ್ತದೆ, ಯಂತ್ರ ಆ ಹೊಳಪನ್ನು ಚಿತ್ರ ಮಾಡುತ್ತದೆ. ಆದರೆ ನಾಲ್ಕೈದು ಮಿಲಿಮೀಟರ್‌ಗಿಂತ ಸಣ್ಣ ಗುಂಪುಗಳ ಹೊಳಪು ಅಕ್ಕಪಕ್ಕದಲ್ಲಿ ಕರಗಿಹೋಗುತ್ತದೆ. ಪಿಎಸ್‌ಎ ಇಷ್ಟು ಕಡಿಮೆ ಇರುವಾಗ ಕಾಯಿಲೆಯ ಗಾತ್ರವೂ ಹೆಚ್ಚಾಗಿ ಅಷ್ಟೇ ಸಣ್ಣದು. ಗ್ಯಾಲಿಯಂ ಪಿಎಸ್‌ಎಂಎ ಸ್ಕ್ಯಾನ್ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಪಿಎಸ್‌ಎ 0.2ರಿಂದ 0.5ರೊಳಗೆ ಇದ್ದಾಗ ಸ್ಕ್ಯಾನ್‌ನಲ್ಲಿ ಏನಾದರೂ ಸಿಗುವುದು ಸುಮಾರು ಶೇ 45 ಜನರಲ್ಲಿ. 0.5ರಿಂದ 1ರವರೆಗೆ ಶೇ 59, 1ರಿಂದ 2ರವರೆಗೆ ಶೇ 75, 2 ದಾಟಿದರೆ ಶೇ 95. ನಿಮ್ಮ ತಂದೆಯವರ ಮಟ್ಟದಲ್ಲಿ ಖಾಲಿ ವರದಿ ಬರುವವರೇ ಅರ್ಧಕ್ಕಿಂತ ಹೆಚ್ಚು. ಇನ್ನು ಕೆಲವರ ಕ್ಯಾನ್ಸರ್ ಕೋಶಗಳಲ್ಲಿ ಪಿಎಸ್‌ಎಂಎ ಸರಿಯಾಗಿ ಇರುವುದೇ ಇಲ್ಲ. ಅಂಥವರಲ್ಲಿ ಗಡ್ಡೆ ದೊಡ್ಡದಿದ್ದರೂ ಈ ಸ್ಕ್ಯಾನ್ ಮೌನವಾಗಿರುತ್ತದೆ.

ಈ ಅಂಕಿಗಳನ್ನು ನೋಡಿ ಕೆಲವರು ಒಂದು ಉಪಾಯ ಹೂಡುತ್ತಾರೆ: ಪಿಎಸ್‌ಎ 1 ಆಗುವವರೆಗೆ ಕಾಯೋಣ, ಆಗ ಸ್ಕ್ಯಾನ್‌ನಲ್ಲಿ ಕಂಡೇ ಕಾಣುತ್ತದೆ, ಆಮೇಲೆ ಗುರಿ ಇಟ್ಟು ಹೊಡೆಯೋಣ. ಕೇಳಲು ಬುದ್ಧಿವಂತಿಕೆಯ ಮಾತು, ಆದರೆ ನಷ್ಟದ ವ್ಯಾಪಾರ. ಶಸ್ತ್ರಚಿಕಿತ್ಸೆಯ ಬಳಿಕ ಮರಳಿದ ಕಾಯಿಲೆಗೆ ರೇಡಿಯೇಷನ್ ಅತಿ ಚೆನ್ನಾಗಿ ನಾಟುವುದು ಪಿಎಸ್‌ಎ 0.5ಕ್ಕಿಂತ ಕೆಳಗಿರುವಾಗ. ಮೇಲೇರಿದಷ್ಟೂ ಫಲ ಇಳಿಯುತ್ತದೆ. ಸ್ಕ್ಯಾನ್‌ನಲ್ಲಿ ಏನೂ ಕಾಣದವರಿಗೆ ಗ್ರಂಥಿ ಇದ್ದ ಜಾಗಕ್ಕೆ ರೇಡಿಯೇಷನ್ ಕೊಟ್ಟಾಗ ಪಿಎಸ್‌ಎ ಇಳಿದವರ ಪ್ರಮಾಣ ಒಳ್ಳೆಯದೇ ಇದೆ. ಕಾಯಿಲೆ ಇನ್ನೂ ಅಲ್ಲೇ, ಸಣ್ಣದಾಗಿ ಇದೆ ಎಂಬ ಅಂದಾಜು ಬಹಳ ಸಲ ನಿಜವಾಗುತ್ತದೆ. ರೇಡಿಯೇಷನ್ ಬೇಕಾದವರಿಗೆ ಪೆಟ್ ಸ್ಕ್ಯಾನ್ ಖಾಲಿ ಬಂತೆಂದು ತಡಮಾಡಬಾರದು ಎಂದು ಮಾರ್ಗಸೂಚಿಯೂ ಹೇಳುತ್ತದೆ. ನಿಮ್ಮ ಡಾಕ್ಟರು ಹೇಳುತ್ತಿರುವುದು ಸರಿ.

ಹಾಗಾದರೆ ಸ್ಕ್ಯಾನ್ ದಂಡವೇ? ಇಲ್ಲ. ಬೇರೆಲ್ಲೋ ಮೂಳೆಯಲ್ಲಿ, ಹೊಟ್ಟೆಯ ಮೇಲ್ಭಾಗದ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಢಾಳಾಗಿ ಹೊಳೆದಿದ್ದರೆ ಬರೀ ಪ್ರಾಸ್ಟೇಟ್ ಇದ್ದ ಜಾಗಕ್ಕೆ ರೇಡಿಯೇಷನ್ ಕೊಟ್ಟು ಪ್ರಯೋಜನವಿರುತ್ತಿರಲಿಲ್ಲ, ಯೋಜನೆಯೇ ಬದಲಾಗುತ್ತಿತ್ತು. ಇಂಥ ಚಿತ್ರ ನೋಡಿ ರೇಡಿಯೇಷನ್ ರೂಪಿಸುವುದರಿಂದ ಲಾಭವಿದೆ ಎಂಬುದನ್ನು 2021ರಲ್ಲಿ ಪ್ರಕಟವಾದ ಎಂಪೈರ್-1 ಪ್ರಯೋಗ ತೋರಿಸಿತು. ಅದರಲ್ಲಿ ಬಳಸಿದ್ದು ಪಿಎಸ್‌ಎಂಎ ಅಲ್ಲ, ಫ್ಲೂಸಿಕ್ಲೋವಿನ್ ಎಂಬ ಸ್ವಲ್ಪ ಹಳೆಯ ಪೆಟ್ ಔಷಧ. ಮೂರು ವರ್ಷದ ಹೊತ್ತಿಗೆ ಕಾಯಿಲೆ ಮತ್ತೆ ತಲೆಯೆತ್ತದೆ ಉಳಿದವರು ಹಳೆಯ ಕ್ರಮದಲ್ಲಿ ಶೇ 63, ಪೆಟ್ ನೋಡಿ ಚಿಕಿತ್ಸೆ ಕೊಟ್ಟವರಲ್ಲಿ ಶೇ 75.5.

ಪಕ್ಕೆಲುಬಿನ ಚುಕ್ಕೆಯ ಬಗ್ಗೆ ಎರಡೇ ಮಾತು. ಪಿಎಸ್‌ಎಂಎ ಎಂಬ ಹೆಸರಿನಲ್ಲಿ ಪ್ರಾಸ್ಟೇಟ್ ಇದ್ದರೂ ಅದು ಪ್ರಾಸ್ಟೇಟ್‌ಗೆ ಮಾತ್ರ ಸೀಮಿತವಲ್ಲ. ಜೊಲ್ಲು ಗ್ರಂಥಿ, ಕಣ್ಣೀರು ಗ್ರಂಥಿ, ಕಿಡ್ನಿ, ಸಣ್ಣ ಕರುಳು ಎಲ್ಲವೂ ಹೊಳೆಯುತ್ತವೆ. ಬೆನ್ನುಮೂಳೆಯ ಮುಂದಿರುವ ನರಗಂಟುಗಳು ದುಗ್ಧಗ್ರಂಥಿಯಂತೆ ಕಂಡು ಮೋಸ ಮಾಡುತ್ತವೆ. ಹಳೆಯ ಮೂಳೆ ಬಿರುಕು, ಪೇಜೆಟ್ ಎಂಬ ಮೂಳೆಯ ಕಾಯಿಲೆಯೂ ಹೊಳೆಯುತ್ತವೆ. ಬೇರೆಲ್ಲೂ ಏನೂ ಇಲ್ಲದೆ ಒಂದೇ ಪಕ್ಕೆಲುಬಿನಲ್ಲಿ ಮಂದವಾಗಿ ಕಾಣುವ ಚುಕ್ಕೆ ಬಹುತೇಕ ನಿರುಪದ್ರವಿಯೇ ಆಗಿರುತ್ತದೆ. ಅದರ ನೆವದಲ್ಲಿ ಬೋನ್ ಸ್ಕ್ಯಾನ್ ಮಾಡಿಸುವುದು ಬೇಡ ಎಂದು ಅಣ್ಣನಿಗೆ ಹೇಳಿ. ಟೆಕ್ನಿಶಿಯಂ ಬೋನ್ ಸ್ಕ್ಯಾನ್ ಕ್ಯಾನ್ಸರನ್ನು ನೇರವಾಗಿ ನೋಡುವುದಿಲ್ಲ, ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ಚಟುವಟಿಕೆಯನ್ನು ನೋಡುತ್ತದೆ. ಪಿಎಸ್‌ಎ 10ಕ್ಕಿಂತ ಕಡಿಮೆ ಇದ್ದು ಮೂಳೆ ನೋವೂ ಇಲ್ಲದಿದ್ದರೆ ಅದರಲ್ಲಿ ಕಾಯಿಲೆ ಸಿಗುವುದು ಅಪರೂಪ. 0.36ಕ್ಕೆ ಸಿಗುವುದು ಬರೀ ಸವೆದ ಕೀಲುಗಳು, ಅದರಿಂದ ಇನ್ನೊಂದಿಷ್ಟು ಆತಂಕ. ಸಾಮಾನ್ಯ ಸಿಟಿಯದ್ದೂ ಇದೇ ಕಥೆ. ಅದು ದುಗ್ಧಗ್ರಂಥಿಯನ್ನು ಗಾತ್ರದಿಂದ ಅಳೆಯುತ್ತದೆ, 8ರಿಂದ 10 ಮಿಲಿಮೀಟರ್ ಆದರಷ್ಟೇ ಅನುಮಾನಿಸುತ್ತದೆ. ಕಾಯಿಲೆ ಹೊಕ್ಕ 5 ಮಿಲಿಮೀಟರ್ ಗ್ರಂಥಿ ಅದರ ಕಣ್ಣಿಗೆ ಆರೋಗ್ಯವಾಗಿಯೇ ಕಾಣುತ್ತದೆ.

ಈಗ ಯುರೇಟರ್. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ತೆಳ್ಳನೆಯ ನಾಳ ಅದು. ಗ್ಯಾಲಿಯಂ ಪಿಎಸ್‌ಎಂಎ ಮೂತ್ರದಲ್ಲಿ ಹೊರಹೋಗುವುದರಿಂದ ಈ ನಾಳದಲ್ಲಿ ಅಲ್ಲಲ್ಲಿ ಹೊಳಪು ಕಾಣುವುದು ಸಹಜವೇ. ತೊಂದರೆ ಏನೆಂದರೆ, ಕಿಬ್ಬೊಟ್ಟೆಯಲ್ಲಿ ಅದು ಹಾದುಹೋಗುವುದು ದುಗ್ಧಗ್ರಂಥಿಗಳಿರುವ ರಕ್ತನಾಳಗಳ ಪಕ್ಕದಲ್ಲೇ. ಅಡ್ಡ ಕೊಯ್ದ ಒಂದು ಚಿತ್ರದಲ್ಲಿ ಎರಡೂ ಒಂದೇ ಥರದ ಹೊಳೆಯುವ ಚುಕ್ಕೆ. ಇಂಥ ಚಿತ್ರಗಳನ್ನು ಓದುವಾಗ ಒಂದೇ ಚಿತ್ರದಲ್ಲಿ ತೀರ್ಮಾನಿಸುವುದಿಲ್ಲ. ಕಂಪ್ಯೂಟರ್ ಮೌಸ್‌ನ ಚಕ್ರ ತಿರುಗಿಸುತ್ತ ಮೇಲಿನ ಕೆಳಗಿನ ಚಿತ್ರಗಳಿಗೆ ಹೋಗಿ ನೋಡುತ್ತೇವೆ. ದುಗ್ಧಗ್ರಂಥಿಯಾದರೆ ನಾಲ್ಕಾರು ಚಿತ್ರಗಳಲ್ಲಿ ಹುಟ್ಟಿ ಅಲ್ಲೇ ಮುಗಿಯುತ್ತದೆ. ಯುರೇಟರ್ ಆದರೆ ಹೊಳಪು ಮಾಯವಾದರೂ ನಾಳ ಮುಂದುವರಿಯುತ್ತದೆ, ಪೆಟ್ ಜೊತೆಗೇ ತೆಗೆದ ಸಿಟಿಯಲ್ಲಿ ಬೂದು ದಾರದಂತೆ ಕೆಳಗಿಳಿಯುವುದು ಕಾಣುತ್ತದೆ. ಇಷ್ಟಾದರೂ ಗೊತ್ತಾಗದಿದ್ದರೆ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಕೊಟ್ಟು ಸ್ವಲ್ಪ ಹೊತ್ತಿನ ನಂತರ ಕಿಬ್ಬೊಟ್ಟೆಯನ್ನಷ್ಟೇ ಮತ್ತೆ ತೆಗೆಯುತ್ತೇವೆ. ಮೂತ್ರವಾದರೆ ಹರಿದುಹೋಗಿರುತ್ತದೆ ಇಲ್ಲವೇ ಜಾಗ ಬದಲಿಸಿರುತ್ತದೆ, ದುಗ್ಧಗ್ರಂಥಿಯಾದರೆ ಇದ್ದಲ್ಲೇ ಇರುತ್ತದೆ.

ನಿಮ್ಮ ವರದಿ ಬರೆದವರ ಮುಂದೆ ಅಲ್ಟ್ರಾಸೌಂಡ್ ಇರಲಿಲ್ಲ, ಅದು ಮಾಡಿದ್ದೇ ಆಮೇಲೆ. ಎಡ ಯುರೇಟರ್‌ನ ತುದಿಯಲ್ಲಿ ಹೊಳಪು, ಎಡ ಕಿಡ್ನಿಯಲ್ಲೇ ಊತ. ಇವೆರಡನ್ನು ಪಕ್ಕಪಕ್ಕ ಇಟ್ಟರೆ ‘ಸಹಜ’ ಎಂದು ಬಿಡಲು ನನಗೆ ಮನಸ್ಸಾಗದು. ಮೂತ್ರ ಅಲ್ಲಿ ನಿಂತುಕೊಂಡಿರಬಹುದು. ನಿಂತಿದ್ದರೆ ಯಾಕೆ ಎಂಬುದು ರೇಡಿಯೇಷನ್‌ಗೆ ಮೊದಲು ಗೊತ್ತಾಗಬೇಕು. ಕಾರಣ ಕ್ಯಾನ್ಸರ್ರೇ ಆಗಬೇಕೆಂದಿಲ್ಲ. ಈ ಪಿಎಸ್‌ಎ ಮಟ್ಟದಲ್ಲಿ ಯುರೇಟರನ್ನು ಒತ್ತುವಷ್ಟು ದೊಡ್ಡ ಗಡ್ಡೆ ಇರುವ ಸಂಭವ ಕಡಿಮೆ. ಕಲ್ಲು ಇರಬಹುದು. ಶಸ್ತ್ರಚಿಕಿತ್ಸೆಯಲ್ಲಿ ದುಗ್ಧಗ್ರಂಥಿಗಳನ್ನೂ ತೆಗೆದಿದ್ದರೆ ಆ ಜಾಗದಲ್ಲಿ ದುಗ್ಧರಸ ತುಂಬಿದ ಚೀಲ ಉಳಿದು ಒತ್ತುತ್ತಿರಬಹುದು. ಇಂಥ ಚೀಲ ದೊಡ್ಡದಾದರೆ ಕಾಲು ಊದುವುದೂ ಉಂಟು. ಯುರೇಟರ್‌ನ ಕೆಳತುದಿ ಗಾಯದ ಕಲೆಯಿಂದ ಕಿರಿದಾಗಿರಬಹುದು.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೂ ಸಾದಾ: ಅಲ್ಟ್ರಾಸೌಂಡ್ ಮಾಡುವಾಗ ಮೂತ್ರಕೋಶ ಬಿರಿಯುವಷ್ಟು ತುಂಬಿತ್ತೇ? ತುಂಬಿದ ಕೋಶ ಹಿಂದಕ್ಕೆ ಒತ್ತಿ ಕಿಡ್ನಿಯನ್ನು ತಾತ್ಕಾಲಿಕವಾಗಿ ಊದಿಸುತ್ತದೆ. ಮೂತ್ರ ಮಾಡಿಸಿ ಮತ್ತೆ ನೋಡಿದರೆ ಅರ್ಧ ಜನರ ಚಿಂತೆ ಅಲ್ಲೇ ಇಳಿದೀತು. ಆ ಎರಡನೇ ನೋಟದಲ್ಲೇ ಕೋಶದಲ್ಲಿ ಎಷ್ಟು ಮೂತ್ರ ಉಳಿದಿದೆ ಎಂದೂ ಅಳೆಯಬೇಕು. 50 ಮಿಲಿಲೀಟರ್‌ಗಿಂತ ಕಡಿಮೆ ಇದ್ದರೆ ಸರಿ, 200 ದಾಟಿದರೆ ಕೋಶ ಖಾಲಿಯಾಗುತ್ತಿಲ್ಲ ಎಂದರ್ಥ. ಮೂತ್ರ ಮಾಡಿದ ಮೇಲೂ ಎಡ ಕಿಡ್ನಿ ಊದಿಯೇ ಇದ್ದರೆ ಸಿಟಿ ಯುರೋಗ್ರಾಂ ಬೇಕು. ಕಾಂಟ್ರಾಸ್ಟ್, ಅಂದರೆ ಚಿತ್ರದಲ್ಲಿ ಎದ್ದು ಕಾಣುವ ದ್ರವ ಕೊಟ್ಟು, ಅದು ಕಿಡ್ನಿಯಿಂದ ಇಳಿದು ಯುರೇಟರ್ ತುಂಬುವವರೆಗೆ ಕಾದು ತೆಗೆಯುವ ಚಿತ್ರ ಇದು. ಎಲ್ಲಿ ನಿಂತಿದೆ, ಹೊರಗಿನಿಂದ ಒತ್ತುತ್ತಿದೆಯೋ ಒಳಗೇ ಕಟ್ಟಿದೆಯೋ ಎಂದು ಅದರಲ್ಲಿ ತಿಳಿಯುತ್ತದೆ. ಅದಕ್ಕೆ ಮೊದಲು ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡಲೇಬೇಕು, ಕಿಡ್ನಿ ಸೋತಿದ್ದರೆ ಕಾಂಟ್ರಾಸ್ಟ್ ಇಲ್ಲದ ದಾರಿ ಹಿಡಿಯಬೇಕಾಗುತ್ತದೆ. ಊತ ಇದ್ದ ಮಾತ್ರಕ್ಕೆ ತಡೆ ಇದೆ ಎಂದೇನೂ ಅಲ್ಲ. ಅನುಮಾನವಿದ್ದರೆ ಫ್ಯೂರೋಸೆಮೈಡ್ ಕೊಟ್ಟು ರೀನೋಗ್ರಾಂ ಮಾಡುತ್ತಾರೆ: ಕಿಡ್ನಿಯಲ್ಲಿ ತುಂಬಿದ ವಿಕಿರಣ ಔಷಧದ ಅರ್ಧ ಭಾಗ 10 ನಿಮಿಷದೊಳಗೆ ಖಾಲಿಯಾದರೆ ದಾರಿ ಸಲೀಸು, 20 ನಿಮಿಷ ಮೀರಿದರೆ ತಡೆ ಇದೆ, ನಡುವೆ ಬಂದರೆ ಉಳಿದ ಲಕ್ಷಣಗಳ ಜೊತೆಗಿಟ್ಟು ನೋಡಬೇಕು.

ಧಾರೆ ಸಣ್ಣಗಾಗಿರುವುದು ಬಹುಶಃ ಬೇರೆಯೇ ಸಮಸ್ಯೆ. ಪ್ರಾಸ್ಟೇಟ್ ತೆಗೆದ ಮೇಲೆ ಮೂತ್ರಕೋಶದ ಕುತ್ತಿಗೆಯನ್ನು ಎಳೆದು ಯುರೇತ್ರಾಗೆ, ಅಂದರೆ ಮೂತ್ರ ಹೊರಹೋಗುವ ನಾಳಕ್ಕೆ, ಹೊಲಿಯುತ್ತಾರೆ. ಆ ಹೊಲಿಗೆಯ ಜಾಗ ಬಿಗಿದು ಕಿರಿದಾಗುವುದು ಈ ಶಸ್ತ್ರಚಿಕಿತ್ಸೆಯ ಗೊತ್ತಿರುವ ತೊಡಕು. ಹೆಚ್ಚಾಗಿ ಮೊದಲ ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ನಿಮ್ಮ ತಂದೆಯವರಲ್ಲಿ ಎರಡು ವರ್ಷ ದಾಟಿದ ಮೇಲೆ ಶುರುವಾಗಿದೆ, ಅದೂ ಪಿಎಸ್‌ಎ ಏರುವ ಹೊತ್ತಿಗೆ. ಕ್ಯಾನ್ಸರ್ ಸ್ಥಳೀಯವಾಗಿ ಮರಳುವುದೂ ಹೆಚ್ಚಾಗಿ ಅದೇ ಹೊಲಿಗೆಯ ಸುತ್ತ. ಆದ್ದರಿಂದ ಇಲ್ಲಿ ಊಹೆ ಬೇಡ, ಸಿಸ್ಟೋಸ್ಕೋಪಿ ಮಾಡಿ, ಅಂದರೆ ಮೂತ್ರದ ದಾರಿಯಲ್ಲಿ ಸಣ್ಣ ಸ್ಕೋಪ್ ತೂರಿಸಿ, ಕಣ್ಣಾರೆ ನೋಡುವುದೇ ಸರಿ. ಅದಕ್ಕೆ ಮುನ್ನ ಮೂತ್ರದ ಹರಿವಿನ ವೇಗ ಅಳೆಯುವ ಯುರೋಫ್ಲೋ ಪರೀಕ್ಷೆ ಇರಲಿ. ಕನಿಷ್ಠ 150 ಮಿಲಿಲೀಟರ್ ಮೂತ್ರ ಹೋದರೆ ಮಾತ್ರ ಅದರ ಅಂಕಿಗೆ ಬೆಲೆ, ಗರಿಷ್ಠ ವೇಗ ಸೆಕೆಂಡಿಗೆ 10 ಮಿಲಿಲೀಟರ್‌ಗಿಂತ ಕಡಿಮೆ ಬಂದರೆ ತಡೆಯ ಅನುಮಾನ ಗಟ್ಟಿ. ಸ್ಕೋಪ್ ಕಿರಿದಾದ ಬಾಯಿಯಲ್ಲೇ ನಿಂತುಬಿಟ್ಟರೆ ಅದರಾಚೆ ಎಷ್ಟು ಉದ್ದ ಕಿರಿದಾಗಿದೆ ಎಂದು ಗೊತ್ತಾಗುವುದಿಲ್ಲ. ಆಗ ಬೇಕಾಗುವುದು ಯುರೇತ್ರೋಗ್ರಾಂ: ಮುಂದಿನಿಂದ ಕಾಂಟ್ರಾಸ್ಟ್ ತುಂಬಿಸಿ ಒಂದು ಎಕ್ಸ್‌ರೇ, ರೋಗಿ ಮೂತ್ರ ಮಾಡುತ್ತಿರುವಾಗಲೇ ಇನ್ನೊಂದು. ಹಳೇ ಕಾಲದ, ಮುಜುಗರದ ಪರೀಕ್ಷೆ, ಆದರೆ ಕಿರಿದಾದ ನಾಳದ ಉದ್ದ ಹೇಳುವುದರಲ್ಲಿ ಇವತ್ತಿಗೂ ಅದರದ್ದು ದೊಡ್ಡ ಕೈ.

ಇದನ್ನೆಲ್ಲ ರೇಡಿಯೇಷನ್‌ಗೆ ಮೊದಲೇ ಮುಗಿಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ರೇಡಿಯೇಷನ್ ಆದ ಮೇಲೆ ಆ ಭಾಗದ ರಕ್ತಸಂಚಾರ ಕುಗ್ಗುತ್ತದೆ, ಗಾಯ ಮಾಯುವುದು ಕಷ್ಟ. ಕಿರಿದಾದ ಹೊಲಿಗೆಗೆ ರೇಡಿಯೇಷನ್ ತಗುಲಿ ಇನ್ನಷ್ಟು ಬಿಗಿದು, ಅದನ್ನು ಮತ್ತೆ ಮತ್ತೆ ಎಂಡೋಸ್ಕೋಪಿಯಲ್ಲಿ ಕತ್ತರಿಸಿ ಬಿಡಿಸುವ ಪರಿಸ್ಥಿತಿ ಬಂದರೆ, ಕೆಲವರಲ್ಲಿ ಮೂತ್ರ ಮುಂದಿನ ಪ್ಯೂಬಿಕ್ ಮೂಳೆಯ ಸಂದಿಗೆ ದಾರಿ ಮಾಡಿಕೊಂಡುಬಿಡುತ್ತದೆ. ಅಂಥವರು ತೊಡೆಸಂದಿಯ ನೋವು, ನಡೆಯಲಾಗದು, ಮೂತ್ರದ ಸೋಂಕು ಪದೇ ಪದೇ ಎನ್ನುತ್ತ ಬರುತ್ತಾರೆ. ಸಂಧಿವಾತ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿರುತ್ತಾರೆ. ಎಂಆರ್‌ಐಯಲ್ಲಿ ಮೂಳೆಯ ಸಂದಿಯೊಳಗೆ ದ್ರವದ ಗೆರೆ ಕಂಡಾಗ ಗುಟ್ಟು ಹೊರಬೀಳುತ್ತದೆ. ಅಪರೂಪದ ತೊಡಕು ನಿಜ, ಆದರೆ ಅನುಭವಿಸುವವರ ಪಾಡು ಕೆಟ್ಟದ್ದು.

ರೇಡಿಯೇಷನ್‌ಗೆ ಮುನ್ನ ಇನ್ನೊಂದೇ ಚಿತ್ರ ಕೇಳಿ ಎನ್ನುವುದಾದರೆ ಅದು ಕಿಬ್ಬೊಟ್ಟೆಯ ಎಂಆರ್‌ಐ, ಕಾಂಟ್ರಾಸ್ಟ್ ಸಹಿತ. ಗ್ಯಾಲಿಯಂ ಪಿಎಸ್‌ಎಂಎ ಮೂತ್ರಕೋಶದಲ್ಲಿ ತುಂಬಿಕೊಂಡು ಬೆಂಕಿಯಂತೆ ಹೊಳೆಯುತ್ತದೆ. ಎದುರು ಬರುವ ಲಾರಿಯ ಹೆಡ್‌ಲೈಟ್ ಪಕ್ಕದಲ್ಲಿ ನಿಂತವನು ಕಾಣದ ಹಾಗೆ, ಕೋಶದ ಬುಡದಲ್ಲಿರುವ ಹೊಲಿಗೆಯ ಸಣ್ಣ ಗಂಟು ಆ ಪ್ರಖರತೆಯಲ್ಲಿ ಮುಚ್ಚಿಹೋಗುತ್ತದೆ. ಪಿಎಸ್‌ಎಂಎ-1007 ಎಂಬ ಫ್ಲೋರಿನ್ ಔಷಧ ಬಹುಪಾಲು ಯಕೃತ್ತಿನ ಮೂಲಕ ಹೋಗುವುದರಿಂದ ಈ ತೊಂದರೆ ಕಡಿಮೆ. ಆದರೆ ಪಕ್ಕೆಲುಬು ಮೂಳೆಗಳಲ್ಲಿ ಸುಳ್ಳು ಚುಕ್ಕೆ ತೋರಿಸುವ ಚಾಳಿ ಅದಕ್ಕೆ ಇನ್ನೂ ಹೆಚ್ಚು, ಹಾಗಾಗಿ ಅದರಲ್ಲಿ ಮತ್ತೊಮ್ಮೆ ಪೆಟ್ ಮಾಡಿಸಿ ಎನ್ನಲಾರೆ. ಎಂಆರ್‌ಐಗೆ ಮೂತ್ರದ ಹೊಳಪಿನ ಕಾಟವಿಲ್ಲ. ಹಳೆಯ ಗಾಯದ ಕಲೆ ಅದರಲ್ಲಿ ಕಪ್ಪಗೆ, ಜಡವಾಗಿ ಇರುತ್ತದೆ. ಮರಳಿದ ಕ್ಯಾನ್ಸರ್ ತುಸು ತಿಳಿಯಾಗಿ ಕಂಡು, ಕಾಂಟ್ರಾಸ್ಟ್ ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ ಸುತ್ತಲಿನ ಭಾಗಕ್ಕಿಂತ ಬೇಗ ಬೆಳಗುತ್ತದೆ. ಇದನ್ನು 1ರಿಂದ 5ರವರೆಗೆ ಅಂಕ ಕೊಟ್ಟು ಬರೆಯುವ ಪೈ-ಆರ್‌ಆರ್ ಎಂಬ ಪದ್ಧತಿ 2021ರಲ್ಲಿ ಬಂದಿದೆ. ಗಂಟು ಸಿಕ್ಕರೆ ರೇಡಿಯೇಷನ್ ತಜ್ಞರು ಅಲ್ಲಿಗೆ ಗುರಿ ಇಡಬಹುದು. ಸಿಗದಿದ್ದರೂ ಯೋಜನೆ ನಿಲ್ಲುವುದಿಲ್ಲ. ಎಡ ಯುರೇಟರ್‌ನ ಕೆಳತುದಿಯನ್ನೂ ಇದೇ ಚಿತ್ರದಲ್ಲಿ ನೋಡಬಹುದು, ಅರ್ಜಿಯಲ್ಲಿ ಹಾಗೆಂದು ಬರೆಸಿ. ಕೇಳದೆ ಇದ್ದುದನ್ನು ವರದಿಯಲ್ಲಿ ಹುಡುಕಿ ಬರೆಯುವವರು ಕಡಿಮೆ.

ಮೊದಲ ಚಿಕಿತ್ಸೆಯಾಗಿ ಶಸ್ತ್ರಚಿಕಿತ್ಸೆಯ ಬದಲು ರೇಡಿಯೇಷನ್ ಪಡೆದವರು ಇದನ್ನು ಓದುತ್ತಿದ್ದರೆ, ಮೇಲಿನ 0.2ರ ಲೆಕ್ಕ ನಿಮಗಲ್ಲ. ಗ್ರಂಥಿ ಒಳಗೇ ಇರುವುದರಿಂದ ಸ್ವಲ್ಪ ಪಿಎಸ್‌ಎ ಇದ್ದೇ ಇರುತ್ತದೆ. ನಿಮ್ಮ ಅತಿ ಕಡಿಮೆ ಅಂಕಿಗಿಂತ 2 ಹೆಚ್ಚಾದರೆ ಮಾತ್ರ ಮರುಕಳಿಕೆ ಎನ್ನುತ್ತಾರೆ. ಮೊದಲ ಎರಡು ಮೂರು ವರ್ಷಗಳಲ್ಲಿ ಪಿಎಸ್‌ಎ ಒಮ್ಮೆ ಜಿಗಿದು ತಾನಾಗಿಯೇ ಇಳಿಯುವುದೂ ಉಂಟು. ವರ್ಷಗಳ ನಂತರ ಮೂತ್ರದಲ್ಲಿ ರಕ್ತ ಕಂಡರೆ ‘ರೇಡಿಯೇಷನ್‌ನ ಉರಿಯೂತ’ ಎಂದು ಕೈಬಿಡಬೇಡಿ. ಅದೇ ಹೆಚ್ಚಿರುತ್ತದೆ ನಿಜ, ಆದರೆ ಸಿಟಿ ಯುರೋಗ್ರಾಂ, ಸಿಸ್ಟೋಸ್ಕೋಪಿ ಎರಡನ್ನೂ ಮಾಡಿ ಮೂತ್ರಕೋಶದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸೊಂಟದ ಹಿಂದಿನ ಮೂಳೆಯಲ್ಲಿ ರೇಡಿಯೇಷನ್‌ನಿಂದಾದ ಬಿರುಕು ಸ್ಕ್ಯಾನ್‌ನಲ್ಲಿ ಹೊಳೆದು, ಮೂಳೆಗೆ ಹರಡಿದೆ ಎಂಬ ಗಾಬರಿ ಹುಟ್ಟಿಸುವುದೂ ಇದೆ.

ಮತ್ತೆ ನಿಮ್ಮ ತಂದೆಯವರ ವಿಷಯಕ್ಕೆ. ಈ ವಾರವೇ ಮೂತ್ರ ಮಾಡಿಸಿ ಅಲ್ಟ್ರಾಸೌಂಡ್, ಕ್ರಿಯಾಟಿನಿನ್, ಯುರೋಫ್ಲೋ. ಅದರ ಫಲ ನೋಡಿ ಸಿಟಿ ಯುರೋಗ್ರಾಂ ಬೇಕೇ ಎಂಬ ತೀರ್ಮಾನ. ಜೊತೆಗೇ ಸಿಸ್ಟೋಸ್ಕೋಪಿ, ಎಂಆರ್‌ಐ. ಕೆಲವು ವಾರದ ಕೆಲಸ ಇದು, ಪಿಎಸ್‌ಎ ಅಷ್ಟರಲ್ಲಿ ಕೈಮೀರಿ ಹೋಗುವುದಿಲ್ಲ. ಈ ಮಧ್ಯೆ ಚಳಿಜ್ವರದ ಜೊತೆ ಎಡ ಪಕ್ಕೆ ನೋವು ಬಂದರೆ, ಅಥವಾ ಮೂತ್ರ ಪೂರ್ತಿ ಕಟ್ಟಿಕೊಂಡರೆ, ಸರತಿಗೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಸೋಂಕು ತಗುಲಿದ, ತಡೆಯಾದ ಕಿಡ್ನಿಯನ್ನು ಅದೇ ದಿನ ಖಾಲಿ ಮಾಡಿಸಬೇಕಾಗುತ್ತದೆ.

ರೇಡಿಯೇಷನ್ ಮುಗಿದ ಮೇಲೆ ‘ಈಗ ಸ್ಕ್ಯಾನ್ ಮಾಡಿ ನೋಡೋಣ’ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಮೊದಲೇ ಖಾಲಿಯಿದ್ದ ಚಿತ್ರ ಆಗಲೂ ಖಾಲಿಯೇ ಇರುತ್ತದೆ, ಅದರಿಂದ ತಿಳಿಯುವುದೇನೂ ಇಲ್ಲ. ನೋಡಬೇಕಾದದ್ದು ಪಿಎಸ್‌ಎ. ಅದು ಹೊಯ್ದಾಡುತ್ತ ತಿಂಗಳುಗಳ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಇಳಿಯುತ್ತಿರುವವರೆಗೆ ಯಾವ ಸ್ಕ್ಯಾನೂ ಬೇಡ.